ಗಾಡಿಯಿಂದ ಇಳಿದವಳು

ತುಟಿಯ ಮೇಲೆ ಬಿಸಿಲು ಬಿತ್ತು, ಇನ್ನು ಈ ಮುಖ ನಗುತ್ತದೆ, ಮೊದಲು ಬಲಗೆನ್ನೆ, ಆಮೇಲೆ ಎಡಗೆನ್ನೆ, ಬಾಯೊನ್ ಗುಡಿಯ ಇಷ್ಟೊಂದು ಕಲ್ಲುಮುಖಗಳಲ್ಲಿ ನನಗೆ ಇದೊಂದೇ ಇಷ್ಟ, ಮೂಗು ಚೂರು ಮುರಿದಿದೆ, ಹಾಗಾಗಿ ದೇವರ ಹಾಗೆ ಕಾಣುವುದಿಲ್ಲ, ಎಲ್ಲೋ ಜಗಳ ಆಡಿ ಬಂದ ಯಾರದೋ ಸೋದರಮಾವನ ಹಾಗೆ ಕಾಣುತ್ತದೆ — ನೀರು ಕುಡೀರಿ, ಟೋಪಿ ಹಾಕ್ಕೊಳ್ಳಿ, ಇಲ್ಲಿ ಮೆಟ್ಟಿಲು ಜಾರುತ್ತೆ — ಬಾಯಿ ತನ್ನಷ್ಟಕ್ಕೆ ಹೇಳುತ್ತಿದೆ, ಗೈಡಿನ ಬಾಯಿ ಅಂದರೆ ಹಾಗೆ, ಅದಕ್ಕೆ ನಾನು ಜೊತೆಯಲ್ಲಿ ಇರಲೇಬೇಕು ಅಂತೇನೂ ಇಲ್ಲ. ಇವತ್ತಿನ ಗುಂಪು ಸಣ್ಣದು, ಆದರೆ ಅದರಲ್ಲಿ ನೆದರ್ಲೆಂಡಿನ ನರ್ಸಮ್ಮ ಒಬ್ಬಳಿದ್ದಾಳೆ, ಕೆಲಸದಿಂದ ನಿವೃತ್ತಳಾದರೂ ವಿಚಾರಿಸುವುದರಿಂದ ನಿವೃತ್ತಳಾಗಿಲ್ಲ, ಕುಂಥಿಯಾ, ಈ ಮುಖ ರಾಜನದಾ ಬುದ್ಧನದಾ, ಕುಂಥಿಯಾ, ನಿನಗೆ ಮದುವೆ ಆಗಿದೆಯಾ, ಆಗಿದೆ ಅಮ್ಮ, ಅಂದೆ, ಅವನೂ ಗೈಡೇ ಅನ್ನುವಷ್ಟರಲ್ಲಿ ಯಾರೋ ಫೋಟೋ ತೆಗೆಯಲು ಕರೆದರು, ಹೇಳಿದ್ದರೆ ಹೆಮ್ಮೆಯಿಂದಲೇ ಹೇಳುತ್ತಿದ್ದೆ, ಊದಮ್‌ಗೆ ಈ ಕೆಲಸ ಕಲಿಸಿದ್ದೇ ನಾನು, ಯಾವ ರಾಜ, ಯಾವ ಗುಡಿ, ಯಾವ ರಾಕ್ಷಸ, ಮದುವೆಯಾದ ಹೊಸದರಲ್ಲಿ ಚಾಪೆಯ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂತು ಬಾಯಿಪಾಠ ಮಾಡಿಸಿದ್ದು, ತಪ್ಪಿದರೆ ಕಿವಿ ಹಿಂಡುತ್ತಿದ್ದೆ, ಅವನಿಗೆ ನಾನು ಊನ್, ನನಗೆ ಅವನು ಬಾಂಗ್, ನಮ್ಮಲ್ಲಿ ಗಂಡ ಹೆಂಡತಿ ಕರೆದುಕೊಳ್ಳುವುದೇ ಹಾಗೆ, ಇನ್ನೊಂದ್ಸಲ ಹಿಂಡು ಊನ್, ಅಂತ ಬೇಕೆಂದೇ ತಪ್ಪು ಹೇಳುತ್ತಿದ್ದ, ಕಳ್ಳ.

ಹೊರಗೋಡೆಯ ಕೆತ್ತನೆ ನನ್ನ ಗುಂಪಿಗೆ ಹಿಡಿಸಿತು, ಕೋಳಿ ಅಂಕ, ಮೀನು ಮಾರುವವಳು, ಹೆರಿಗೆ ಆಗುತ್ತಿರುವವಳು, ಇಲ್ಲಿ ರಾಜರಿಗಿಂತ ನಮ್ಮಂಥವರೇ ಜಾಸ್ತಿ ನೋಡಿ, ಅನ್ನುತ್ತಿದ್ದೇನೆ, ಅಷ್ಟರಲ್ಲಿ ಮೂಲೆಯ ಆಚೆಯಿಂದ ಅವನ ದನಿ, ಗಂಡನ ದನಿ ಗೋಡೆ ದಾಟಿ ಬಂದರೂ ಗೊತ್ತಾಗುತ್ತದಲ್ಲ, ಅಲ್ಲಿ ಎತ್ತಿನಗಾಡಿಯ ಕೆತ್ತನೆ ಇದೆ, ಸೈನ್ಯದ ಹಿಂದೆ ಅಕ್ಕಿ ಹೊತ್ತು ಹೋಗುವ ಗಾಡಿ, ಈಗಲೂ ನಮ್ಮೂರ ಗಾಡಿ ಹೀಗೇ ಇರುತ್ತೆ ಅನ್ನುತ್ತಿದ್ದಾನೆ, ಅದು ನಾನು ಕಲಿಸಿದ ಮಾತು, ಆದರೆ ಮುಂದಿನದು ನಾನು ಕಲಿಸಿದ್ದಲ್ಲ — ನನಗಾಗ ಎಂಟು ವರ್ಷ, ಅನ್ನುತ್ತಿದ್ದಾನೆ, ನಮ್ಮಪ್ಪ ತಾಳೆಮರ ಹತ್ತೋನು, ಸೌದೆಗೆ ಅಂತ ಕಾಡಿಗೆ ಹೋಗಿ ನೆಲಬಾಂಬ್ ತುಳಿದ, ಇಂಥದೇ ಗಾಡೀಲಿ ಅವನನ್ನ ಮಲಗಿಸ್ಕೊಂಡು ಆಸ್ಪತ್ರೆಗೆ ಹೊರಟ್ವಿ, ಅವನ ತಲೆ ನನ್ನ ತೊಡೆ ಮೇಲಿತ್ತು, ನೊಣ ಕೂರದ ಹಾಗೆ ನಾನು ಹೆಗಲ ಮೇಲಿನ ಕ್ರಮಾ ಬಟ್ಟೆ ಬೀಸ್ತಾ ಇದ್ದೆ. ಬೀಸಿದ್ದು ನಾನು, ನನ್ನ ತೊಡೆ, ನನ್ನ ಅಪ್ಪ, ಊದಮ್‌ನ ಅಪ್ಪ ಬಾತ್ತಂಬಾಂಗ್‌ನಲ್ಲಿ ಈಗಲೂ ಬಾತುಕೋಳಿ ಸಾಕಿಕೊಂಡು ಗಟ್ಟಿಮುಟ್ಟಾಗಿದ್ದಾನೆ, ಹೋದ ಹೊಸವರ್ಷಕ್ಕೆ ಕುಡಿದು ಕುಣಿದಿದ್ದಾನೆ! ಮದುವೆಗೆ ಮುಂಚೆ ಕೆರೆ ಏರಿಯ ಮೇಲೆ, ಮರಕ್ಕೆ ಕಟ್ಟಿದ ಜೋಲಿಯಲ್ಲಿ ಮಲಗಿ, ಇವನೊಬ್ಬನಿಗೆ ಹೇಳಿದ್ದು ಇದನ್ನು, ಪ್ರವಾಸಿಗಳಿಗೆ ಇದನ್ನ ನಾನು ಯಾವತ್ತೂ ಹೇಳಲ್ಲ, ನೀನೂ ಯಾರಿಗೂ ಹೇಳಬೇಡ, ಅಂದಿದ್ದೆ, ನನ್ನ ಬಾಯಿಂದ ಹೊರಗೆ ಬರಲ್ಲ ಊನ್, ಅಂತ ನನ್ನ ಕೈಯನ್ನ ಎದೆ ಮೇಲೆ ಇಟ್ಟುಕೊಂಡಿದ್ದ, ಆ ಎದೆ ಆಗ ಎಷ್ಟು ನಿಧಾನ ಹೊಡೆದುಕೊಳ್ಳುತ್ತಿತ್ತು, ಅದನ್ನೇ ನಿಜ ಅಂದುಕೊಂಡೆ — ಇನ್ನೂ ಮುಗಿದಿಲ್ಲ, ದನಿ ಇಳಿಸಿದ್ದಾನೆ, ಅಪ್ಪ ಐಸ್ ಕೇಳಿದ, ಬಾಯಿ ಒಣಗ್ತಿದೆ, ಒಂದು ಚೂರು ಐಸ್ ತಂದ್ಕೊಡಿ ಅಂದ, ಅಮ್ಮ ಕ್ರಾಸಲ್ಲಿ ಇಳಿದು ಅಂಗಡಿಗೆ ಓಡಿದಳು, ಪ್ಲಾಸ್ಟಿಕ್ ಚೀಲದಲ್ಲಿ ಐಸ್ ಹಿಡ್ಕೊಂಡು ಬಂದಳು, ಅಷ್ಟರಲ್ಲಿ ಅಪ್ಪ ಇರಲಿಲ್ಲ, ಐಸ್ ಅವಳ ಕೈಯಲ್ಲೇ ಕರಗಿತು. ಸುಳ್ಳು! ಅಪ್ಪ ಏನೂ ಕೇಳಲಿಲ್ಲ, ಅಥವಾ ಕೇಳಿದನಾ, ತುಟಿ ಅಲ್ಲಾಡಿತ್ತು, ಅಮ್ಮ ಬರಲೇ ಇಲ್ಲ, ದೂರದ ಗದ್ದೆಯಲ್ಲಿ ನಾಟಿ ಮಾಡ್ತಿದ್ದೆ, ಸುದ್ದಿ ಬರೋ ಹೊತ್ತಿಗೆ ಮುಗಿದಿತ್ತು, ಅಂತ ಅವಳೇ ಹೇಳಿದ್ದು, ಯಾವಾಗ ಕೇಳಿದರೂ ಅದೇ ಮಾತು, ಗಾಡಿಯಲ್ಲಿ ಅಪ್ಪ, ನಾನು, ಗಾಡಿ ಹೊಡೆಯುವವನು, ಮತ್ತೆ ಪಕ್ಕದ ಮನೆಯ ಹೆಂಗಸು ಯಾರೋ ಇದ್ದಳು, ಅವಳು ನಡುವೆ ಎಲ್ಲೋ ಇಳಿದಳು, ನಾನು ಅಪ್ಪನ ತುಟಿ ಬಿಟ್ಟು ಮೇಲೆ ನೋಡಲೇ ಇಲ್ಲ, ಕಂಡದ್ದು ಇಷ್ಟೇ, ಸೊಂಟಕ್ಕೆ ಸುತ್ತಿದ್ದ ಬಟ್ಟೆಯ ಅಂಚು ಕೆಸರಾಗಿತ್ತು —

ಕೆಸರು. ನರ್ಸಮ್ಮ ನನ್ನ ಪಕ್ಕದಲ್ಲಿಲ್ಲ, ಮೂಲೆ ತಿರುಗಿ ಅಲ್ಲಿಗೇ ಹೋಗಿದ್ದಾಳೆ, ಊದಮ್‌ನ ಎರಡೂ ಕೈ ಹಿಡಿದುಕೊಂಡು ಅಳುತ್ತಿದ್ದಾಳೆ, ಕುಂಥಿಯಾ ಬಾ, ಈ ಹುಡುಗನ ಜೊತೆ ನಂದೊಂದು ಫೋಟೋ ತೆಗಿ, ಅವನು ನನ್ನ ನೋಡಿದ, ರೆಪ್ಪೆ ಒಂದು ಸಲ ಬಡಿದುಕೊಂಡಿತು, ಅಷ್ಟೇ, ಆಮೇಲೆ ಎಲ್ಲರೆದುರು ಇಂಗ್ಲಿಷಿನಲ್ಲಿ, ಥ್ಯಾಂಕ್ಯೂ ಸಿಸ್ಟರ್, ಅಂದ, ಬೇರೆ ಗುಂಪಿನ ಗೈಡಿಗೆ ಹೇಳುವ ಹಾಗೆ. ನಾನು ತೆಗೆದೆ. ನಗಿ ಅಂತಲೂ ಅಂದೆ, ಬಾಯಿ ತನ್ನಷ್ಟಕ್ಕೆ ಅಂದಿತು.

ಊಟದ ಮನೆಯ ಹಿಂದೆ ಗೈಡುಗಳ ಬೆಂಚಿನಲ್ಲಿ ಅವನು ಒಬ್ಬನೇ ಕೂತಿದ್ದ, ಮೀನಿನ ಹುಳಿ ಸಾರು, ಅನ್ನ, ಬಾ ಊನ್, ಸಾರು ಚೆನ್ನಾಗಿದೆ, ಅಂದ, ಹಾಗೇ ಅಂದ, ಏನೂ ಆಗದವನ ಹಾಗೆ! ನಮ್ಮಪ್ಪ ಯಾವತ್ತಿಂದ ನಿಮ್ಮಪ್ಪ ಆದ, ಅಂದೆ, ಮೆಲ್ಲಗೆ ಮಾತಾಡೇ, ಡ್ರೈವರ್‌ಗಳಿದಾರೆ, ಅಂದ, ಹೋದ ಬೇಸಿಗೆಯಿಂದ, ರಾಜರ ಹೆಸರು ಹೇಳಿದ್ರೆ ಫೋನ್ ಒತ್ತುತ್ತಾ ನಿಂತಿರ್ತಾರೆ, ಇದನ್ನ ಹೇಳಿದ್ರೆ ಒಬ್ಬರೂ ಅಲ್ಲಾಡಲ್ಲ, ನೀನಂತೂ ಹೇಳ್ಕೊಳ್ಳಲ್ಲ, ಸುಮ್ಮನೆ ಬಿದ್ದಿತ್ತಲ್ಲ. ಬಿದ್ದಿತ್ತಂತೆ. ಸರಿ ಬಾಂಗ್, ಐಸ್ ಯಾಕೆ ಸೇರಿಸಿದೆ, ನಮ್ಮಪ್ಪನ ಸಾವು ಸಪ್ಪೆ ಅನ್ನಿಸ್ತಾ, ಅಂದೆ, ಆಗ ಮಾತ್ರ ಅವನು ಚಮಚ ಕೆಳಗಿಟ್ಟ, ಐಸ್ ನಾನು ಸೇರಿಸಿದ್ದಲ್ಲ ಊನ್, ನಿಮ್ಮಮ್ಮ ಹೇಳಿದ್ದು, ಒಂದಿನ ಬಾಳೆಹೂ ಬಿಡಿಸ್ತಾ ಕೂತಾಗ, ಅವಳೂ ಗಾಡೀಲಿ ಇದ್ದಳಂತೆ, ಗದ್ದೆಯಿಂದ ಹಾಗೇ ಓಡಿ ಬಂದು ಹತ್ತಿದ್ದಳಂತೆ, ನಿನಗೆ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಳು. ಯಾಕೆ ಹೇಳಬಾರದು? ಸಾಯೋ ಗಂಡನ್ನ ಮಗಳ ತೊಡೆ ಮೇಲೆ ಬಿಟ್ಟು ಇಳಿದೆ, ಗೊತ್ತಾದ್ರೆ ಅವಳು ನನ್ನ ಮುಖ ನೋಡಲ್ಲ, ಅಂತ ಅಂದಳು. ನನಗೆ ಹೇಳಬಾರದು, ಲೋಕಕ್ಕೆಲ್ಲ ಹೇಳಬಹುದು? ಲೋಕಕ್ಕಲ್ಲ ಊನ್, ಅವರು ಪರದೇಶದವರು, ವಾಪಸ್ ಹೋಗ್ಬಿಡ್ತಾರಲ್ಲ.

ಹೋಗಿಬಿಡುತ್ತಾರೆ, ಪೆಟ್ಟಿಗೆಯಲ್ಲಿ ಮರದ ಆನೆಯ ಜೊತೆ ನನ್ನ ಅಮ್ಮನನ್ನೂ ಇಟ್ಟುಕೊಂಡು ಹೋಗುತ್ತಾರೆ, ಯಾವ್ಯಾವುದೋ ದೇಶದ ಊಟದ ಮೇಜುಗಳಲ್ಲಿ ನನ್ನ ಅಮ್ಮ ಇಷ್ಟು ದಿನದಿಂದ ಗಾಡಿ ಇಳಿದು ಓಡುತ್ತಿದ್ದಾಳೆ, ನನ್ನಲ್ಲಿ ಮಾತ್ರ ಅವಳು ಬಂದೇ ಇಲ್ಲ. ಬರದೇ ಇದ್ದ ಅಮ್ಮನ ಜೊತೆ ನಾನು ಬೆಳೆದದ್ದು, ಬಡಿಸಿದಾಗ ತಲೆ ಎತ್ತದೆ ತಿಂದದ್ದು, ಜ್ವರ ಬಂದಾಗ ಅವಳ ಕೈ ಹಣೆಯಿಂದ ತಳ್ಳಿದ್ದು, ತಳ್ಳಿಸಿಕೊಂಡು ಸುಮ್ಮನಿದ್ದಳಲ್ಲ, ಒಂದು ಮಾತು ಹೇಳಬಹುದಿತ್ತಲ್ಲ, ಅಳಿಯನ ಎದುರು ಬಾಳೆಹೂ ಬಿಡಿಸುತ್ತಾ ಎಲ್ಲ ಬಿಡಿಸಿಟ್ಟಳು, ನಾನು ಗೋಡೆಯ ಆಚೆ ನಿಂತು ಕದ್ದು ಕೇಳಬೇಕಾಯಿತು. ಅಮ್ಮನಿಗೆ ಫೋನ್ ಮಾಡಿದೆ. ಮ್ಯಾ, ನೀನು ಗಾಡಿಯಿಂದ ಇಳಿದ್ಯಾ, ಅಂದೆ, ಅಷ್ಟೇ ಕೇಳಿದ್ದು, ಆ ಕಡೆ ಹಲಗೆ ಮೇಲೆ ಕತ್ತಿಯ ಸದ್ದು ನಿಂತಿತು. ಅನ್ನ ತಿಂದ್ಯಾ ಮಗಾ, ಅಂದಳು. ಮ್ಯಾ! ಹೇಳಿಬಿಟ್ನಾ ಅವನು, ಅಂದಳು. ನನಗೆ ಹೇಳಲಿಲ್ಲ ಮ್ಯಾ, ಎಲ್ಲರಿಗೂ ಹೇಳಿದ. ಅದಕ್ಕೆ ಅವಳು ಅಂದದ್ದು ಇಷ್ಟೇ, ಐಸ್ ಸಿಕ್ಕಿತ್ತು ಕಣೇ, ದೊಡ್ಡ ತುಂಡೇ ಸಿಕ್ಕಿತ್ತು. ನಾನು ಕಟ್ ಮಾಡಿದೆ, ಅವಳ ಅಳು ಕೇಳಿಸಿಕೊಳ್ಳಲಾಗದೆ ಅಲ್ಲ, ಕನಿಕರ ಬರುತ್ತಿತ್ತು, ಈಗಲೇ ಬರಬಾರದು, ಸಿಟ್ಟು ಇನ್ನೂ ಶುರುವೇ ಆಗಿಲ್ಲ.

ತಾ ಪ್ರೋಮ್ ಗುಡಿ, ಮಧ್ಯಾಹ್ನ, ಮರದ ಬೇರು ಗುಡಿಯ ಕತ್ತು ಹಿಡಿದು ಕೂತಿದೆ, ಬೇರು ತೆಗೆದರೆ ಗೋಡೆ ಬೀಳುತ್ತದೆ, ಬಿಟ್ಟರೂ ಬೀಳುತ್ತದೆ, ಅನ್ನುತ್ತಿದೆ ಬಾಯಿ, ನರ್ಸಮ್ಮ ಪಕ್ಕದಲ್ಲಿ ಬಂದು ಬೀಸಣಿಗೆ ಬೀಸಿದಳು, ಒಳ್ಳೆಯವಳು, ಬೆಳಗ್ಗೆಯಿಂದ ಆ ಹುಡುಗನ ಕಥೆ ತಲೆಯಿಂದ ಹೋಗ್ತಾನೇ ಇಲ್ಲ, ಕುಂಥಿಯಾ, ನಿನ್ನ ತಂದೆ ಏನು ಮಾಡ್ತಾರೆ? ಗಂಟಲವರೆಗೆ ಬಂತು, ನನಗಾಗ ಎಂಟು ವರ್ಷ ಅಂತ ಶುರು ಮಾಡಿದರೆ ಈಕೆ ಏನಂದುಕೊಳ್ಳುತ್ತಾಳೆ, ಓ, ನೀನೂ ಅದನ್ನೇ ಕಲಿತಿದ್ದೀಯಾ, ಈ ಊರಿನ ಗೈಡುಗಳೆಲ್ಲ ಒಂದೇ ಪಾಠ ಒಪ್ಪಿಸುತ್ತೀರಾ, ಅವನು ಮೊದಲು ಹೇಳಿದ, ಹಾಗಾಗಿ ಅವನದು ನಿಜ, ನಾನು ಹೇಳಿದರೆ ಕದ್ದವಳು ನಾನು. ತಾಳೆಮರ ಹತ್ತುತ್ತಾರೆ ಅಮ್ಮ, ಅಂದೆ. ಈ ವಯಸ್ಸಲ್ಲೂ? ಈ ವಯಸ್ಸಲ್ಲೂ. ಅವಳು ನಕ್ಕಳು, ನಾನೂ ನಕ್ಕೆ, ಈ ಕಡೆ ಬನ್ನಿ, ಕಲ್ಲು ನೋಡಿಕೊಂಡು ಕಾಲಿಡಿ — ಅವಳು ಗಾಡಿಯಿಂದ ಇಳಿಯುತ್ತಿದ್ದಾಳೆ, ಪಕ್ಕದ ಮನೆಯವಳಲ್ಲ, ಅಮ್ಮ, ಹಿಮ್ಮಡಿ ಒಡೆದಿದೆ, ಅಂಚಿನಲ್ಲಿ ಗದ್ದೆಯ ಕೆಸರು, ಓಡುತ್ತಿದ್ದಾಳೆ, ಕೆಂಪು ಧೂಳು, ಅಲ್ಲಿಂದ ವಾಪಸ್ ಬರುತ್ತಿದ್ದಾಳೆ, ಇದನ್ನು ನಾನು ನೋಡಿದ್ದೇನಾ, ಇಲ್ಲ ಅವನ ಬಾಯಲ್ಲಿ ಕೇಳಿ ನೋಡುತ್ತಿದ್ದೇನಾ, ಗೊತ್ತಾಗುತ್ತಿಲ್ಲ, ಕೈಯಲ್ಲಿ ಚೀಲ, ಬಾಯಿ ಗಂಟು ಹಾಕಿದ ಚೀಲ, ಒಳಗೆ ದೊಡ್ಡ ತುಂಡು, ಚೀಲದ ಮೂಲೆಯಿಂದ ಹನಿ, ಚೀಲ, ಹನಿ, ದೊಡ್ಡ ತುಂಡು, ಹನಿ