ತಂಬೂರಿಗೆ ಯಾವ ಮರದ ದಂಡಿ

ಕುಬೇರಪ್ಪ ತೀರಿಹೋದ ಸುದ್ದಿ ಹಂಸಭಾವಿಗೆ ಮುಟ್ಟಿದ್ದು ನಾಲ್ಕನೆಯ ದಿನ. ತಂದವನು ಮೆಣಸಿನಕಾಯಿ ವ್ಯಾಪಾರದ ಮಜೀದ. ಅವನು ಕುಬೇರಪ್ಪನ ಊರು ಹಿರೇಬೆಂಡಿಗೇರಿಯನ್ನು ಹಾದು ಬಂದಿದ್ದ. ಚೌಡಪ್ಪನ ಮಗಳು ಶಾರವ್ವನ ಮನೆಯ ಕಟ್ಟೆಯ ಮೇಲೆ ಚೀಲ ಇಳಿಸಿ, ಬೆವರು ಒರೆಸಿಕೊಂಡು, "ಚೌಡಪ್ಪಣ್ಣಾ, ನಿಮ್ಮ ಗೆಳ್ಯಾ ಕುಬೇರಪ್ಪ ಶಿವಾಧೀನ ಆದ್ರು. ಸೋಮವಾರನ ಮಣ್ಣ ಮಾಡಿದ್ರಂತ" ಎಂದ.

ಚೌಡಪ್ಪ ಮಗಳ ಮನೆಯ ಪಡಸಾಲೆಯಲ್ಲಿ ಕುಳಿತು ತಂಬೂರಿಯ ಬುರುಡೆಯನ್ನು ಒರೆಸುತ್ತಿದ್ದ. ಸುದ್ದಿ ಕೇಳಿದ ಮೇಲೂ ಒರೆಸುವ ಕೈ ನಿಲ್ಲಲಿಲ್ಲ. ಒರೆಸುತ್ತಲೇ, "ಮಣ್ಣಿಗೆ ಹೋಗುವಾಗ ಹಾಡು ಯಾರು ಹೇಳಿದ್ರು?" ಎಂದು ಕೇಳಿದ.

"ಬರೇ ತಾಳ ಬಾರಿಸಿಕೊಂತ ಹ್ವಾದ್ರಂತ. ತಂಬೂರಿ ಇರಲಿಲ್ಲಂತ."

ಇರುವುದಾದರೂ ಹೇಗೆ? ಊರಿಗೆ ಇದ್ದದ್ದು ಒಂದೇ ತಂಬೂರಿ. ಅದು ಮುರಿದ ದಂಡಿಗೆ ಅರಿವೆ ಸುತ್ತಿಸಿಕೊಂಡು ಚೌಡಪ್ಪನ ತೊಡೆಯ ಮೇಲೆ ಮಲಗಿತ್ತು.

ಆ ತಂಬೂರಿ ಮುರಿದದ್ದೇ ಒಂದು ಕಥೆ. ಮೂವತ್ತು ವರ್ಷ ಇಬ್ಬರೂ ಊರ ಮಠದಲ್ಲಿ ಸೋಮವಾರ ಸೋಮವಾರ ಭಜನೆ ಹೇಳಿದವರು. ಕುಬೇರಪ್ಪನದು ತೆಳುವಾದ ಕೊರಳು, ಬೆಣ್ಣೆಯಲ್ಲಿ ನೂಲು ಎಳೆದ ಹಾಗೆ. ಚೌಡಪ್ಪನದು ದಪ್ಪ ಕೊರಳು. ಅದು ಸಿಂಹದ ಕೊರಳೆಂದು ಅವನೇ ಹೇಳಿಕೊಳ್ಳುತ್ತಿದ್ದ, ಬೇರೆ ಯಾರೂ ಹೇಳಿದ್ದಿಲ್ಲ. ಶ್ರಾವಣದ ಕಡೆಯ ಸೋಮವಾರ ಯಾರೋ ತಂಬೂರಿಯನ್ನು ಮಲಗಿಸಿ ಮೇಲೆ ಕಂಬಳಿ ಹೊದಿಸಿದ್ದರು. ಪ್ರಸಾದ ಮುಗಿಸಿ ಬಂದ ಚೌಡಪ್ಪ ಕಂಬಳಿ ಮೆತ್ತಗಿದೆ ಎಂದು ಅದರ ಮೇಲೆ ಕುಳಿತ. ಅಜ್ಜನ ಕಾಲದ ಸಾಗವಾನಿ ದಂಡಿ ಲಟಕ್ಕೆಂದಿತು.

"ಬೀಟಿ ದಂಡಿ ಇದ್ದಿದ್ರ ನನ್ನ ಭಾರಾ ತಡಕೋತಿತ್ತು" ಎಂದ ಚೌಡಪ್ಪ, ಎದ್ದು ಧೋತರ ಝಾಡಿಸುತ್ತ.

"ದಂಡಿ ಇರೂದು ನಾದಕ್ಕೋ, ನಿನ್ನ ಕುಂದ್ರಸಾಕೋ?" ಎಂದ ಕುಬೇರಪ್ಪ.

ಜಗಳ ಅಲ್ಲಿಂದ ಹತ್ತಿತು. ಹೊಸ ದಂಡಿಯನ್ನು ಬೀಟೆಯದೇ ಮಾಡಿಸಬೇಕೆಂದು ಚೌಡಪ್ಪನ ಹಟ. ಬೀಟೆಯ ನಾದ ಮೂರು ಊರಿಗೆ ಕೇಳುತ್ತದೆ ಎಂದ. ಹಲಸಿನದು ಆಗಬೇಕೆಂದು ಕುಬೇರಪ್ಪನ ಹಟ. ಯಾಕೆಂದು ಕೇಳಿದರೆ ಒಂದೊಂದು ದಿನ ಒಂದೊಂದು ಕಾರಣ. ಹಲಸು ಹಗುರ, ನಿನ್ನ ಹೆಗಲು ನೋಯುವುದಿಲ್ಲ ಎಂದ. "ನನ್ನ ಹೆಗಲು ನೊಗಾ ಹೊತ್ತರೂ ನೋಯೂದಿಲ್ಲ" ಎಂದ ಚೌಡಪ್ಪ. ಹಲಸಿಗೆ ಹುಳು ಹತ್ತುವುದಿಲ್ಲ ಎಂದ. "ಬೀಟಿ ಕಡದ್ರ ಹುಳದ ಹಲ್ಲ ಮುರೀತಾವ" ಎಂದ ಚೌಡಪ್ಪ. ಕುಬೇರಪ್ಪ ಏನೋ ಹೇಳಲು ಬಾಯಿ ತೆರೆದು, ಚೌಡಪ್ಪನ ಮುಖ ನೋಡಿ, ನಕ್ಕು ಸುಮ್ಮನಾಗುತ್ತಿದ್ದ. ಗೆದ್ದೆನೆಂದು ಚೌಡಪ್ಪ ಮೀಸೆ ತಿರುವುತ್ತಿದ್ದ. ಕಡೆಗೆ, ತಾನಿಲ್ಲದಾಗ ಈತ ಗುಟ್ಟಾಗಿ ಹಲಸು ಕೂಡಿಸಿಬಿಟ್ಟಾನು ಎಂಬ ಅನುಮಾನ ಹುಟ್ಟಿ, ದೀಪಾವಳಿ ಮುಗಿಯುತ್ತಲೇ ತಂಬೂರಿಯನ್ನು ಹೊತ್ತುಕೊಂಡು ಮಗಳ ಮನೆ ಸೇರಿದ. ಎರಡು ತಿಂಗಳಾಗಿತ್ತು.

ಈಗ ಚೌಡಪ್ಪ ತಂಬೂರಿಯನ್ನು ಎತ್ತಿಕೊಂಡು ಎದ್ದ. ಯಾರ ಹಾಡಿಗೆ ಮೂವತ್ತು ವರ್ಷ ಶ್ರುತಿ ಮೀಟಿದ್ದನೋ ಅವನನ್ನು ಬರೀ ತಾಳದ ಮೇಲೆ ಕಳಿಸಿಕೊಟ್ಟಿದ್ದರು. ಹನ್ನೊಂದನೆಯ ದಿನ ಶಿವಗಣಾರಾಧನೆ. ಅಂದಾದರೂ ತಂಬೂರಿ ಹಾಡಬೇಕು, ಇಲ್ಲದಿದ್ದರೆ ಈ ಮುಖವನ್ನು ಆ ಊರಿನಲ್ಲಿ ತೋರಿಸುವುದು ಹೇಗೆ?

"ಯಪ್ಪಾ, ಒಂದ ತುತ್ತು ಉಂಡ ಹೋಗೋ" ಎಂದು ಶಾರವ್ವ ಕೈ ಹಿಡಿದಳು.

"ಬುತ್ತಿ ಕಟ್ಟವ್ವಾ. ಸವಣೂರಿಗೆ ಹೋಗ್ತೇನಿ."

ಅದು ಯುದ್ಧದ ಕಾಲ. ಎಣ್ಣೆ ಸಿಗದೆ ಮೋಟಾರುಗಳು ಇದ್ದಿಲ ಹೊಗೆಯ ಮೇಲೆ ಓಡುತ್ತಿದ್ದವು. ಏರು ಬಂದಲ್ಲಿ ಜನರೆಲ್ಲ ಇಳಿದು ನೂಕಬೇಕು. ಚೌಡಪ್ಪ ತಂಬೂರಿಯನ್ನು ಕೂಸಿನಂತೆ ಬಗಲಲ್ಲಿ ಅವುಚಿಕೊಂಡು ಒಂದೇ ಕೈಯಿಂದ ನೂಕಿದ. ಮನಸ್ಸು ಮಾತ್ರ ವಾದ ಬಿಟ್ಟಿರಲಿಲ್ಲ. ಸತ್ತವನ ಮಾತು ನಡೆಸಬೇಕು, ಹಲಸೇ ಆಗಲಿ ಎಂದು ಹಂಸಭಾವಿ ಬಿಡುವಾಗ ಅನಿಸಿತು. ಹಾವೇರಿ ದಾಟುವಷ್ಟರಲ್ಲಿ, ದೇವರ ಮುಂದೆ ಹಾಡುವ ನಾದದಲ್ಲಿ ಮುಲಾಜು ಸಲ್ಲದು ಎನಿಸಿತು. ಸಾವಿಗೆ ಹೆದರಿ ಸುಳ್ಳನ್ನು ಒಪ್ಪಿದರೆ ಮೊದಲು ನಗುವವನು ಕುಬೇರಪ್ಪನೇ. ಬೀಟೆ ಎಂದರೆ ಬೀಟೆ. ಸವಣೂರಿನಲ್ಲಿ ಇಳಿಯುವಾಗ ಮನಸ್ಸು ಕಲ್ಲಾಗಿತ್ತು, ಮುಖ ಇದ್ದಿಲಾಗಿತ್ತು.

ಆ ಸೀಮೆಯಲ್ಲಿ ತಂಬೂರಿ ಕಟ್ಟುವವನು ಹಯಾತನೊಬ್ಬನೇ. ಎಲೆಬಳ್ಳಿ ತೋಟದ ದಾರಿಯಲ್ಲಿ ಅವನ ಮನೆ, ಮನೆಯ ಮುಂದಿನ ಚಪ್ಪರವೇ ಕಾರ್ಖಾನೆ. ಅಲ್ಲಿ ಅವನ ತಾಯಿ ಹಾಜರಾಬಿ ಕುಳಿತು ಎಲೆ ಮಡಿಚುತ್ತಿದ್ದಳು.

"ಎಲ್ಲಿಂದ ಬಂದ್ರಿ, ಯಜಮಾನ್ರ?" ಎಂದ ಹಯಾತ, ಉಳಿ ಆಡಿಸುತ್ತಲೇ.

"ಹಿರೇಬೆಂಡಿಗೇರಿ ನಮ್ಮೂರು. ಚೌಡಪ್ಪ ಅಂತ ನನ್ನ ಹೆಸರು."

ಹಯಾತನ ಉಳಿ ನಿಂತಿತು. ತಾಯಿಯ ಕಡೆ ಒಮ್ಮೆ ನೋಡಿದ. ಚೌಡಪ್ಪ ಅದನ್ನು ಗಮನಿಸಲಿಲ್ಲ. ಬಂದ ಕಾರಣ ಹೇಳುವ ಅವಸರ ಅವನಿಗೆ. "ನನ್ನ ಗೆಳ್ಯಾ ಕುಬೇರಪ್ಪ ಹೋದಾ. ಹನ್ನೊಂದನೇ ದಿನಕ್ಕ ಇದು ಹಾಡಬೇಕು. ಬೀಟಿ ದಂಡಿ ಹಾಕ್ರಿ."

ಹಯಾತ ಉಳಿಯನ್ನು ಕೆಳಗಿಟ್ಟು, ಎರಡೂ ಅಂಗೈ ಎತ್ತಿ, ತುಟಿಯಲ್ಲೇ ಏನೋ ಪ್ರಾರ್ಥಿಸಿ ಮುಖ ಸವರಿಕೊಂಡ. ಆಮೇಲೆ, "ಬೀಟಿನೂ ಐತಿ, ಹಲಸೂ ಐತಿ. ಎರಡೂ ಹುರಿಯಿಂದ ಬಿಗದು ತೋರಸ್ತೇನಿ, ನಿಮ್ಮ ಕಿವಿ ಹೇಳಲಿ" ಎಂದ.

"ಹಲಸು ಯಾಕ? ನಾ ಕೇಳಿಲ್ಲಲ್ಲ?"

"ಕೇಳಿದ ಮ್ಯಾಲ ಬ್ಯಾಡನ್ನೂದು ಛಲೋ ಅಲ್ರಿ? ಬೀಟಿ ಬಿರುಸು. ತಂತಿ ಕೊಟ್ಟದ್ದರಾಗ ತಾ ಏನೂ ಉಣ್ಣೂದಿಲ್ಲ, ಪೂರಾ ಬುರುಡಿಗೆ ದಾಟಸ್ತೈತಿ. ಅದಕ್ಕ ನಾದ ಚೊಕ್ಕ, ಉದ್ದ. ಹಲಸು ಮೆತ್ತಗ. ಒಂದ ತುತ್ತು ತಾ ಉಂಡು ಉಳದದ್ದನ್ನ ಕೊಡ್ತೈತಿ. ಅದಕ್ಕ ನಾದ ದುಂಡಗ."

"ಹಂಗಾದ್ರ ಹಲಸು ಅಂದ್ರ ಕದ್ದ ತಿನ್ನೂ ಅಡಿಗ್ಯಾಂವ ಇದ್ದಂಗ" ಎಂದ ಚೌಡಪ್ಪ.

"ಅಡಿಗ್ಯಾಂವ ರುಚಿ ನೋಡಿದ್ರನ ಅಡಗಿ ಚಂದ ಆಗೂದು."

ಮೊದಲು ಬೀಟೆಯ ದಂಡಿಯನ್ನು ಬುರುಡೆಗೆ ಬಿಗಿದು, ಒಂದೇ ತಂತಿ ಎಳೆದು ಮೀಟಿದ. ನಾದ ಹೊಸ ಕೊಡದ ಮೇಲೆ ಬೆರಳು ಬಡಿದ ಹಾಗೆ ಎದ್ದು, ಚಪ್ಪರ ದಾಟಿ ಹೋಯಿತು. ಚೌಡಪ್ಪನ ಮೀಸೆ ತಾನೇ ಮೇಲಕ್ಕೆ ಹೋಯಿತು. ಅಷ್ಟರಲ್ಲಿ ಹಾಜರಾಬಿ ಎದ್ದು ಬಂದು, ದಂಡಿಯ ತುದಿಯನ್ನು ಬಾಯಿಗೆ ಹಾಕಿ ಕಚ್ಚಿದಳು.

"ಅಯ್ಯಯ್ಯ! ದೇವರ ವಾದ್ಯ, ಎಂಜಲಾತಲ್ರಿ!"

"ಅಂಜಬ್ಯಾಡ್ರಿ" ಎಂದ ಹಯಾತ. "ಅಮ್ಮಾಗ ಕಿವಿ ಹೋಗಿ ಹತ್ತ ವರ್ಷ ಆತು. ನಾದಾ ದವಡಿಯಿಂದ ಕೇಳ್ತಾಳ, ಮಾತು ತುಟಿ ನೋಡಿ ತಿಳಕೋತಾಳ. ಕಚ್ಚಾಕಂತನ ತುದೀಗೆ ಒಂದ ಗೇಣು ಹೆಚ್ಚು ಬಿಟ್ಟಿರ್ತೇವಿ, ಆಮ್ಯಾಲ ಕೊಯ್ದು ಒಗೀತೇವಿ. ನಮ್ಮಪ್ಪನ ಕಾಲದಿಂದ ಹಿಂಗ. ಒಂದ ಹಾಡು ಹೇಳ್ರಿ."

ಚೌಡಪ್ಪ ಕಣ್ಣು ಮುಚ್ಚಿ ಶಿವನ ಹಾಡೊಂದನ್ನು ಎತ್ತಿದ. ಎರಡು ನುಡಿ ಮುಗಿಸಿ ಕಣ್ಣು ತೆರೆದಾಗ ಮುದುಕಿ ಹಸಿ ಹುಣಸೆಕಾಯಿ ಕಚ್ಚಿದ ಮುಖ ಮಾಡಿದ್ದಳು. ಅವನಿಗೂ ಒಳಗೆ ಕಸಿವಿಸಿಯಾಗಿತ್ತು. ಬೀಟೆಯ ಆ ಚೊಕ್ಕ ನಾದದ ಪಕ್ಕದಲ್ಲಿ ತನ್ನ ಕೊರಳು, ಬಿಳಿ ಧೋತರದ ಮೇಲೆ ಬಿದ್ದ ಕೆಸರಿನಂತೆ ಎದ್ದು ಕಂಡಿತ್ತು. ದಾರಿಯ ಹೊಗೆ ಕುಡಿದದ್ದರಿಂದ ಹೀಗಾಯಿತು ಎಂದುಕೊಂಡ.

ಹಯಾತ ಹಲಸಿನ ದಂಡಿ ಬಿಗಿದ. ನಾದ ಹಾರಲಿಲ್ಲ, ನೆಲದಲ್ಲೇ ಹರಡಿ ಕುಳಿತಿತು. ಚೌಡಪ್ಪ ಅದೇ ಹಾಡು ಎತ್ತಿದ. ಈಗ ಕೊರಳಿನ ಒರಟು ಎಲ್ಲಿ ಹೋಯಿತೋ ತಿಳಿಯದು. ಕಂಬಳಿಯ ಮೇಲೆ ಕುಳಿತ ಹಾಗೆ ಸ್ವರ ಮೆತ್ತಗೆ ಕುಳಿತಿತು. ಮುದುಕಿ ದಂಡಿ ಕಚ್ಚಿಕೊಂಡೇ ಕಣ್ಣು ಮುಚ್ಚಿದಳು. ಹಾಡು ಮುಗಿದರೂ ಬಿಡಲಿಲ್ಲ.

ಬಿಟ್ಟ ಮೇಲೆ ಚೌಡಪ್ಪ ಆ ತುದಿಯನ್ನು ನೋಡಿದ. ಮುದುಕಿಯ ಹಸಿ ಗುರುತಿನ ಪಕ್ಕದಲ್ಲಿ ಇನ್ನೊಂದು ಕಚ್ಚಿದ ಗುರುತು ಇತ್ತು, ಹಳೆಯದು, ಒಣಗಿದ್ದು. ಮುದುಕಿಯ ಹಲ್ಲಿನ ಸಾಲು ತುಂಬಿತ್ತು. ಈ ಗುರುತಿನ ನಡುವೆ ಒಂದು ಹಲ್ಲಿನಷ್ಟು ಜಾಗ ಖಾಲಿ.

ಆ ಖಾಲಿ ಜಾಗ ಅವನಿಗೆ ಚೆನ್ನಾಗಿ ಗೊತ್ತು. ಹನ್ನೆರಡು ವರ್ಷದ ಕೆಳಗೆ ಕಬ್ಬು ಸಿಗಿಯುವ ಪಂದ್ಯದಲ್ಲಿ ಕುಬೇರಪ್ಪ ಮುಂದಿನ ಹಲ್ಲು ಕಳೆದುಕೊಂಡಿದ್ದ. ಪಂದ್ಯ ಕಟ್ಟಿದವನು ಚೌಡಪ್ಪ.

"ಹಯಾತಸಾಬ್ರ, ಇದನ್ನ ಯಾರು ಕಚ್ಚ್ಯಾರ?"

ಹಯಾತ ನೆಲ ನೋಡಿದ. "ಹೇಳಬ್ಯಾಡ ಅಂತ ಮಾತು ತಗೊಂಡಾರ್ರಿ."

ಮಗ ತಲೆ ತಗ್ಗಿಸಿದ್ದರಿಂದ ಹಾಜರಾಬಿಗೆ ಅವನ ಮಾತು ತಿಳಿಯಲಿಲ್ಲ. ಚೌಡಪ್ಪನ ಬೆರಳು ಎಲ್ಲಿದೆ ಎಂಬುದು ಕಂಡಿತು, ಅಷ್ಟು ಸಾಕಾಯಿತು. ಕಿವುಡರ ದೊಡ್ಡ ದನಿಯಲ್ಲಿ ಹೇಳಿಯೇಬಿಟ್ಟಳು: "ಅದಾ? ದೀಪಾವಳಿ ಆದ ಮ್ಯಾಲ ನಿಮ್ಮೂರಾಂವ ಒಬ್ಬ ಬಂದಿದ್ದಾ, ಮುಂದಿನ ಹಲ್ಲಿಲ್ಲದಾಂವ. ಕೆಮ್ಮು ಬಾಳ ಇತ್ತಪ್ಪಾ ಪಾಪ. ಇಪ್ಪತ್ತ ಹಲಸಿನ ತುಂಡು ಬಡದು ಬಡದು ನೋಡಿದಾ, ನನ್ನ ನೋಡಿ ತಾನೂ ಕಚ್ಚಿ ನೋಡಿ ಇದನ್ನ ಆರಿಸಿದಾ. ನನ್ನ ಗೆಳ್ಯಾ ಬರ್ತಾನ, ಬೀಟಿ ಕೇಳ್ತಾನ, ಕೊಡಬ್ಯಾಡ್ರಿ ಅಂದಾ. ಅವನ ಕೊರಳು ಬೀಸೂ ಕಲ್ಲಿನಂಗ ಐತಿ, ಬೀಟಿ ಹಾಕಿದ್ರ ಬಯಲಿಗೆ ಬರ್ತೈತಿ, ಹಲಸು ಆದ್ರ ಮುಚ್ಚಿಕೊಂತೈತಿ ಅಂದಾ!"

"ಅಮ್ಮಾ!" ಎಂದು ಹಯಾತ ಕೈ ಸನ್ನೆ ಮಾಡಿದ.

"ಇರೋ, ಖರೇನ ಹೇಳಾಕತ್ತೇನಿ. ನನ್ನ ಸಣ್ಣ ಕೊರಳಿಗೆ ಬೀಟಿನ ಛಲೋ, ಆದ್ರ ನಾ ಇನ್ನೇನ ಹಾಡ್ತೇನ್ರಿ, ಮುಂದ ಅವನ ಹಾಡಾಂವ ಅಂದಾ. ಇದನ್ನ ಅವನ ಮುಂದ ಹೇಳಿದ್ರ ಹಾಡೂದ ಬಿಟ್ಟಗಿಟ್ಟಾನು, ಅದಕ್ಕ ಹೆಗಲು, ಹುಳಾ ಅಂತ ಏನೇನೋ ಸುಳ್ಳ ಹೇಳೇನಿ ಅಂತ ನಕ್ಕಾ. ಯಪ್ಪಾ, ನೀನ ಏನ ಆ ಬೀಸೂ ಕಲ್ಲು?"

ಚೌಡಪ್ಪನಿಗೆ ಮೊದಲು ಸಿಟ್ಟು ಬಂತು. ಮೂವತ್ತು ವರ್ಷ ಪಕ್ಕದಲ್ಲಿ ಕುಳಿತು ಬೀಸುವ ಕಲ್ಲು ಎಂದುಕೊಂಡಿದ್ದನಲ್ಲ, ಕಳ್ಳ! ಸಿಟ್ಟಿನ ಹಿಂದೆಯೇ ನಗು ಬಂತು. ನಗುವಿನ ಹಿಂದೆ ಬಂದದ್ದನ್ನು ತಡೆಯಲಾಗದೆ, ತಂಬೂರಿಯ ಬುರುಡೆಯ ಮೇಲೆ ಹಣೆಯಿಟ್ಟು ಅತ್ತ. ಸಾವಿನ ಸುದ್ದಿ ಕೇಳಿದಂದಿನಿಂದ ಅವನು ಅತ್ತದ್ದು ಅದೇ ಮೊದಲು. ಹಾಜರಾಬಿ ಒಂದು ಎಲೆ ಮಡಿಚಿ ಅವನ ಕೈಯಲ್ಲಿಟ್ಟಳು.

"ಹೌದವ್ವಾ, ನಾನ ಆ ಬೀಸೂ ಕಲ್ಲು" ಎಂದ, ಅವಳಿಗೆ ಕಾಣುವಂತೆ ತಲೆಯಾಡಿಸಿ. "ಹಲಸಿನದನ್ನ ಕೂಡಸ್ರಿ, ಹಯಾತಸಾಬ್ರ."

ಅಂಟು ಒಣಗಲು ಮೂರು ದಿನ ಬೇಕಾಯಿತು. ಚೌಡಪ್ಪ ಸವಣೂರಿನ ದೊಡ್ಡಹುಣಸೆ ಮಠದಲ್ಲಿ ಉಳಿದು ದಿನಕ್ಕೆರಡು ಸಲ ಬಂದು ನೋಡಿದ. ಮೂರನೆಯ ದಿನ ಹಯಾತ ಗರಗಸ ಹಿಡಿದು ತುದಿಯ ಹೆಚ್ಚಿನ ಗೇಣನ್ನು ಕೊಯ್ಯಲು ಕುಳಿತಾಗ ಅವನ ಕೈ ಹಿಡಿದ.

"ಅದು ಇರಲಿ."

"ಎಂಜಲು ಅಂತಿದ್ರೆಲ್ರಿ?"

"ಇರಲಿ ಅಂದ್ನೆಲ್ಲ."

ಹನ್ನೊಂದನೆಯ ದಿನ ಹಿರೇಬೆಂಡಿಗೇರಿಯ ಆ ಮನೆಯ ಅಂಗಳ ತುಂಬಿತ್ತು. ಕುಬೇರಪ್ಪನ ಹೆಂಡತಿ ಅನ್ನವ್ವ ಕಂಬಕ್ಕೆ ಒರಗಿ ಕುಳಿತಿದ್ದಳು. ಚೌಡಪ್ಪ ಮುಂದೆ ಹೋಗಿ, ತಲೆ ತಗ್ಗಿಸಿ ನಿಂತ.

"ಈಗ ತಂದ್ರೇನಣ್ಣಾ ತಂಬೂರಿ?"

"ತಡಾ ಮಾಡಿದ್ನೆವ್ವಾ. ತಪ್ಪಾತು."

ಅವಳು ದಂಡಿಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. "ಇದೇನು, ಇಷ್ಟು ಉದ್ದ?" ಎಂದವಳ ಕೈ ತುದಿಯ ಗುರುತಿನ ಮೇಲೆ ನಿಂತಿತು. ಇಪ್ಪತ್ತೈದು ವರ್ಷ ಆ ಬಾಯಿಗೆ ರೊಟ್ಟಿ ಬಡಿದವಳು. ಸೆರಗನ್ನು ಬಾಯಿಗೆ ಒತ್ತಿಕೊಂಡು, "ಹಾಡ್ರಿ" ಎಂದಳು.

ಚೌಡಪ್ಪ ವಿಭೂತಿ ಧರಿಸಿ ಕುಳಿತು ತಂತಿ ಮೀಟಿದ. ಹಲಸಿನ ದಂಡಿ ತನ್ನ ತುತ್ತು ತಾನುಂಡು ಉಳಿದದ್ದನ್ನು ಕೊಟ್ಟಿತು. ಬೀಸುವ ಕಲ್ಲು ಅಂದು ಹಿಟ್ಟಿನಂಥ ಹಾಡು ಹಾಡಿತು, ಜನ ಬೆರಗಾದರು. ಹಾಡು ಮುಗಿದ ಮೇಲೆ ಅವನು ತಂಬೂರಿಯನ್ನು ಕೆಳಗಿಡದೆ, ಕಣ್ಣು ಮುಚ್ಚಿ, ಯಾರಿಗೂ ಕೇಳದಂತೆ ತುಟಿಯಲ್ಲೇ ಬೇಡಿಕೊಂಡ:

"ಶಿವನೇ, ಕುಬೇರಪ್ಪ ನಿನ್ನ ಕಡೆ ಬಂದಾನ. ಮರದ ಮಾತಿನಾಗ ಅವನ ಕೂಡ ವಾದಕ್ಕ ಇಳೀಬ್ಯಾಡಪಾ, ಸೋಲ್ತಿ. ಅವಂದು ಸಣ್ಣ ಕೊರಳು, ನಿನ್ನ ಹತ್ರ ಬೀಟಿ ದಂಡಿ ಇದ್ರ ಅವಗ ಕೊಡು. ಕೆಮ್ಮು ಇಲ್ಲದಂಗ ಹಾಡಲಿ. ನನ್ನ ತಪ್ಪು ಅವನ ಮನಸ್ಸಿನಾಗ ಉಳೀದಿರಲಿ. ಆ ಜೀವಕ್ಕ ನಿನ್ನ ಪಾದದಾಗ ಶಾಂತಿ ಕೊಡು, ತಂದೀ."