ಮರಿಗೆಗೆ ನೀರು

ಮಗಳ ಹಣೆ ಮುಟ್ಟಿದ ಯಶೋಧಾ ಅವಳ ಕತ್ತು, ಬೆನ್ನನ್ನೂ ಮುಟ್ಟಿ ನೋಡಿದಳು. ಶಾಲೆಗೆ ಹೊರಡಬೇಕಾದ ಹೊತ್ತಾದರೂ ಪ್ರೇರಣಾ ಹಾಸಿಗೆಯಲ್ಲಿ ಮುದುಡಿಕೊಂಡೇ ಇದ್ದಳು. ಮೈ ಕಾದ ಹಂಚಿನಂತಿತ್ತು, ಕಣ್ಣು ಕೆಂಪಾಗಿತ್ತು. ಬೇರೆ ಯಾವ ಊರಲ್ಲಾದರೂ, ಬೇರೆ ಯಾವ ತಿಂಗಳಲ್ಲಾದರೂ ಒಬ್ಬ ತಾಯಿ ಒಂದು ಮಾತ್ರೆ ನುಂಗಿಸಿ, ಗಂಜಿ ಕುಡಿಸಿ, ನಾಳೆ ನೋಡೋಣವೆಂದು ಸುಮ್ಮನಿರುತ್ತಿದ್ದಳು. ಆದರೆ ಇದು ಹೊಸನಗರ ತಾಲ್ಲೂಕಿನ ಕಾಡಂಚಿನ ಊರು. ಚಳಿ ಮುಗಿದು ಎಲೆ ಉದುರುವ ಕಾಲ. ಅದಕ್ಕಿಂತ ಹೆಚ್ಚಾಗಿ, ಯಶೋಧಾ ಆ ಊರಿನ ಆಶಾ ಕಾರ್ಯಕರ್ತೆ. ಮಂಗನ ಕಾಯಿಲೆ ಹೇಗೆ ಬರುತ್ತದೆ, ಬಂದರೆ ಏನೇನಾಗುತ್ತದೆ ಎಂದು ಮನೆಮನೆಯ ಜಗಲಿಯಲ್ಲಿ ಕೂತು ಹೇಳಿಬಂದವಳು ಅವಳೇ.

ಹಿಂದಿನ ವಾರವಷ್ಟೇ ಊರ ಮೇಲಿನ ಕಾಡಿನಲ್ಲಿ ಒಂದು ಮಂಗ ಸತ್ತು ಬಿದ್ದಿತ್ತು. ಸತ್ತ ಮಂಗನ ಮೈಯಿಂದ ಇಳಿದ ಉಣುಗು, ಅಂದರೆ ಉಣ್ಣೆಹುಳ, ಮನುಷ್ಯರಿಗೆ ಕಚ್ಚಿದರೆ ಜ್ವರ ಬರುತ್ತದೆ. ಆರೋಗ್ಯ ಇಲಾಖೆಯವರು ಬಂದು ಸುತ್ತಲೂ ಔಷಧಿ ಹೊಡೆದು, ಯಾರೂ ಅತ್ತ ಹಾಯಬಾರದೆಂದು ಹೇಳಿ ಹೋಗಿದ್ದರು. ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಎಣ್ಣೆಯ ಬಾಟಲಿಗಳನ್ನು ಚೀಲದಲ್ಲಿ ಹೊತ್ತು ಯಶೋಧಾ ಒಂದು ಮನೆಯನ್ನೂ ಬಿಡದೆ ಹಂಚಿದ್ದಳು.

“ಕಾಡಿಗೆ ಹೋಗಿದ್ಯನೇ?” ಎಂದು ಕೇಳಿದಳು.

“ಇಲ್ಲ,” ಎಂದಳು ಪ್ರೇರಣಾ, ಗೋಡೆಯ ಕಡೆ ಮುಖ ತಿರುಗಿಸಿ.

ಮಗಳ ಮೈಯನ್ನು ಅಡಿಯಿಂದ ಮುಡಿಯವರೆಗೆ ಹುಡುಕಿದಾಗ ಮೊಣಕಾಲಿನ ಹಿಂಭಾಗದಲ್ಲಿ ಕೆಂಪಗೆ ಗಂಟು ಕಟ್ಟಿದ ಒಂದು ಕಚ್ಚಿದ ಗುರುತು ಕಂಡಿತು. ಯಶೋಧಾ ಹೊದಿಕೆಯನ್ನು ಎಳೆದು ಸರಿಮಾಡಿದಳು.

ಯಶೋಧಾಳ ಅವ್ವ ರಂಗಮ್ಮನಿಗೆ ಇದು ಬೇರೆಯದೇ ಆಗಿ ತೋರಿತು. ಗಂಡ ಜಟ್ಟಿಂಗಪ್ಪ ತೀರಿಕೊಂಡು ಇನ್ನೂ ಮೂರು ತಿಂಗಳು ತುಂಬಿರಲಿಲ್ಲ. ಮೊಮ್ಮಗಳೆಂದರೆ ಅವನಿಗೆ ಪ್ರಾಣ. ಅವನೇ ಬಂದು ಮಗುವನ್ನು ಮಾತಾಡಿಸಿರಬೇಕು, ಅವನಿಗೆ ಇಷ್ಟವಾದದ್ದು ಮಾಡಿ ಎಡೆಯಿಟ್ಟರೆ ಜ್ವರ ಇಳಿಯುತ್ತದೆ ಎಂದು ಅವಳು ಒಲೆಯ ಮುಂದೆ ಕೂತು ಹೇಳುತ್ತಲೇ ಇದ್ದಳು. ಯಶೋಧಾ ಮಗಳನ್ನು ಎತ್ತಿಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೊರಟಳು.

ಜಟ್ಟಿಂಗಪ್ಪನದು ಯಾರಿಗೂ ತೊಂದರೆ ಕೊಡದ ಸಾವು. ಸಂಜೆ ಚಹಾ ಕುಡಿದು ಲೋಟ ಕೆಳಗಿಟ್ಟವನು ಜಗಲಿಯ ಕಂಬಕ್ಕೆ ಒರಗಿದ, ಏಳಲಿಲ್ಲ. ಅಲ್ಲಿಯವರೆಗೆ ಪ್ರೇರಣಾ ಅವನ ಬಾಲವಾಗಿದ್ದಳು. ಶಾಲೆಯಿಂದ ಬಂದವಳು ಚೀಲ ಎಸೆದು ‘ಅಜ್ಜಾ’ ಎಂದು ಕೂಗಿದರೆ, ಅವನು ಹೆಗಲಿಗೆ ಟವೆಲ್ ಹಾಕಿಕೊಂಡು ಹೊರಟೇಬಿಡುತ್ತಿದ್ದ. ಯಾವ ಮರ ಮೊದಲು ಚಿಗುರುತ್ತದೆ, ಮುಳ್ಳುಹಂದಿ ಯಾವ ದಾರಿಯಲ್ಲಿ ನಡೆಯುತ್ತದೆ, ತುಡುವೆ ಜೇನು ಯಾವ ಪೊಟರೆಯಲ್ಲಿದೆ, ಎಲ್ಲವನ್ನೂ ಅವಳಿಗೆ ತೋರಿಸಿದ್ದ. ಅಂಥವಳು ಅಜ್ಜನ ಹೆಣದ ಮುಂದೆ ಅಳಲಿಲ್ಲ. ತಿಥಿಯ ದಿನವೂ ಅಳಲಿಲ್ಲ. ಮಕ್ಕಳು ಬೇಗ ಮರೆಯುತ್ತಾರೆ ಎಂದುಕೊಂಡಿದ್ದಳು ಯಶೋಧಾ. ಅಪ್ಪಯ್ಯನಿಗಾಗಿ ಅತ್ತು ಮುಗಿಸಲು ಅವಳಿಗೂ ಪುರುಸೊತ್ತು ಸಿಕ್ಕಿರಲಿಲ್ಲ. ಬಂದವರಿಗೆ ಬಡಿಸುವುದರಲ್ಲಿ ಕೆಲವು ದಿನ ಹೋಯಿತು, ಆಮೇಲೆ ಎಣ್ಣೆಯ ಬಾಟಲಿಗಳು ಬಂದವು.

ಆರೋಗ್ಯ ಕೇಂದ್ರದಲ್ಲಿ ರಕ್ತ ತೆಗೆದು ಶಿವಮೊಗ್ಗಕ್ಕೆ ಕಳಿಸಿದರು. ಮರುದಿನ ತಲೆನೋವು ಎಷ್ಟು ಜೋರಾಯಿತೆಂದರೆ ಪ್ರೇರಣಾ ಬೆಳಕು ನೋಡಲಾರದೆ ಕಣ್ಣು ಮುಚ್ಚಿಕೊಂಡು ನರಳುತ್ತಿದ್ದಳು. ರಕ್ತದ ಪ್ಲೇಟ್‌ಲೆಟ್ ಇಳಿಯುತ್ತಿದೆ, ಕಾಯುವುದು ಬೇಡ, ತೀರ್ಥಹಳ್ಳಿಗೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು. ಯಶೋಧಾಳ ಗಂಡ ದೀಪಕ್ ಸಾಗರದ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್. ಫೋನು ಮುಟ್ಟಿದ್ದೇ ಗೆಳೆಯನ ಕಾರು ತೆಗೆದುಕೊಂಡು, ಕೈಯ ಗ್ರೀಸನ್ನೂ ತೊಳೆಯದೆ ಬಂದ.

ದಾರಿಯುದ್ದಕ್ಕೂ ಮಗಳ ತಲೆ ಯಶೋಧಾಳ ತೊಡೆಯ ಮೇಲಿತ್ತು. ತಿರುವು ಬಂದಾಗಲೆಲ್ಲ ಆ ಪುಟ್ಟ ಮೈ ಬೆಚ್ಚುತ್ತಿತ್ತು. ಯಶೋಧಾಳಿಗೆ ತಾನು ಇದೇ ವಯಸ್ಸಿನಲ್ಲಿ ಜ್ವರದಿಂದ ಮಲಗಿದ್ದು ನೆನಪಾಯಿತು. ಅದು ಯಾವ ಜ್ವರವೋ, ಆಗ ಯಾರೂ ಹೆಸರಿಟ್ಟಿರಲಿಲ್ಲ. ಅಪ್ಪಯ್ಯ ಗದ್ದೆಯ ಕೆಲಸ ಬಿಟ್ಟು ತಲೆದೆಸೆಯಲ್ಲಿ ಕೂತಿದ್ದ. ಯಾಕೆ ಸುಮ್ಮನೆ ಕೂತಿದ್ದೀರಿ ಎಂದು ಯಾರೋ ಕೇಳಿದಾಗ, “ಜ್ವರಕ್ಕೆ ಕೂತು ಕೂತು ಬೇಜಾರಾಗಿ ಎದ್ದು ಹೋಗ್ತದೆ. ಅದಕ್ಕಿಂತ ಜಾಸ್ತಿ ಹೊತ್ತು ನಾವು ಕೂರ್ಬೇಕು, ಅಷ್ಟೆಯ” ಎಂದಿದ್ದ. ಅವನ ತೋರುಬೆರಳನ್ನು ಹಿಡಿದುಕೊಂಡೇ ಅವಳು ನಿದ್ದೆ ಹೋಗಿದ್ದಳು. ಈಗ ಮಗಳ ಮುಷ್ಟಿಯೊಳಗೆ ತನ್ನ ಬೆರಳು ತೂರಿಸಿದಳು. ಮಗಳು ಹಿಡಿದುಕೊಳ್ಳಲಿಲ್ಲ.

ತೀರ್ಥಹಳ್ಳಿಯ ಆಸ್ಪತ್ರೆಯಲ್ಲಿ ಕೈಗೆ ಡ್ರಿಪ್ ಹಾಕಿದರು. ಮಧ್ಯಾಹ್ನ ಪ್ರೇರಣಾ ಅರೆಬರೆ ಎಚ್ಚರದಲ್ಲಿ ಏನೇನೋ ಬಡಬಡಿಸತೊಡಗಿದಳು. ಯಶೋಧಾ ಬಗ್ಗಿ ಕಿವಿಯಿಟ್ಟಳು.

“ಅಜ್ಜಾ, ಇವತ್ತು ನೀರು ಹಾಕಕ್ಕೆ ಆಗ್ಲಿಲ್ಲ. ನಾಳೆ ಹಾಕ್ತೀನಿ.”

ಯಶೋಧಾಳಿಗೆ ಎಲ್ಲವೂ ತಿಳಿದುಹೋಯಿತು. ಕಾಡಿನ ಅಂಚಿನಲ್ಲಿ, ಹೆಬ್ಬಲಸಿನ ಮರದ ಬುಡದಲ್ಲಿ, ಎಂದೋ ಯಾರೋ ದನಗಳಿಗಾಗಿ ಕಡಿದಿಟ್ಟ ಕಲ್ಲಿನ ಮರಿಗೆಯೊಂದಿದೆ. ಹಳ್ಳ ಬತ್ತುವ ಹೊತ್ತಿಗೆ ಜಟ್ಟಿಂಗಪ್ಪ ದಿನಾ ಒಂದೊಂದು ಕೊಡ ನೀರು ಹೊತ್ತು ಅದನ್ನು ತುಂಬುತ್ತಿದ್ದ. ಹಕ್ಕಿಗಳು, ಮುಂಗುಸಿಗಳು, ಮಂಗಗಳು ಅಲ್ಲಿಗೆ ಬಂದು ಕುಡಿಯುತ್ತಿದ್ದವು. ಸತ್ತ ಮಂಗ ಸಿಕ್ಕಿದ್ದು ಆ ಮರಿಗೆಯಿಂದ ಒಂದು ಕೂಗಳತೆಯ ದೂರದಲ್ಲಿ.

ದೀಪಕ್ ಮನೆಗೆ ಫೋನ್ ಮಾಡಿ ವಿಚಾರಿಸಿದ. ಮಗು ಸಣ್ಣ ಬಿಂದಿಗೆ ಹಿಡಿದು ಹೋಗುವುದನ್ನು ತಾನು ನೋಡಿದ್ದೆನೆಂದೂ, ಹೂವಿನ ಗಿಡಕ್ಕೆ ಎಂದುಕೊಂಡು ಸುಮ್ಮನಿದ್ದೆನೆಂದೂ ರಂಗಮ್ಮ ಅಳುತ್ತ ಹೇಳಿದಳಂತೆ.

ಯಶೋಧಾಳಿಗೆ ಸಿಟ್ಟು ಬಂದದ್ದು ಅವ್ವನ ಮೇಲಲ್ಲ, ಮಗಳ ಮೇಲೂ ಅಲ್ಲ. ಅಪ್ಪಯ್ಯನ ಮೇಲೆ. ಹೋಗುವವನು ಸುಮ್ಮನೆ ಹೋಗಬಾರದಿತ್ತೇ? ಆಡುವ ಮಗುವಿನಿಂದ ಭಾಷೆ ತೆಗೆದುಕೊಂಡು, ತನ್ನ ಕೊಡವನ್ನು ಅದರ ಸೊಂಟಕ್ಕೆ ಏರಿಸಿ ಹೋಗಬೇಕಿತ್ತೇ? ಊರಿಗೆಲ್ಲ ಕಾಡಿಗೆ ಹೋಗಬೇಡಿ ಎಂದು ತಾನು ಗಂಟಲು ಹರಿದುಕೊಳ್ಳುತ್ತಿರುವಾಗ, ಸತ್ತವನ ಮಾತು ತನ್ನ ಮಾತಿಗಿಂತ ಗಟ್ಟಿಯಾಗಿ ಮಗಳ ಕಿವಿಯಲ್ಲಿತ್ತಲ್ಲ. ಇಷ್ಟು ಪ್ರೀತಿಸಿದ ಮನುಷ್ಯನ ಮೇಲೆ ಇಂಥ ಸಿಟ್ಟು ಬಂದದ್ದಕ್ಕೆ ಅವಳಿಗೇ ಭಯವಾಯಿತು.

ಶಿವಮೊಗ್ಗದಿಂದ ಫಲಿತಾಂಶ ಬಂತು. ಮಂಗನ ಕಾಯಿಲೆಯೇ. ಅದರ ಮರುದಿನ ಪ್ರೇರಣಾಳ ವಸಡಿನಿಂದ ರಕ್ತ ಬಂದು ದಿಂಬು ಕಲೆಯಾಯಿತು. ಪ್ಲೇಟ್‌ಲೆಟ್ ಇನ್ನೂ ಇಳಿದರೆ ಮಣಿಪಾಲಕ್ಕೆ ಕಳಿಸಬೇಕಾಗುತ್ತದೆ, ಸಿದ್ಧವಾಗಿರಿ ಎಂದರು ಡಾಕ್ಟರು. ಯಶೋಧಾ ತಾನೇ ಎಷ್ಟೋ ಮನೆಯವರಿಗೆ ಹೆದರಬೇಡಿ ಎಂದವಳು. ಈಗ ಆ ಮಾತನ್ನು ಹಿರಿಯ ನರ್ಸ್ ಅನ್ನಪೂರ್ಣೇಶ್ವರಿ ತನಗೆ ಹೇಳಿದಾಗ, ಅದು ಎಷ್ಟು ಟೊಳ್ಳೆಂದು ಗೊತ್ತಾಯಿತು. ಅವಳು ಊಟ ಮಾಡಲಿಲ್ಲ. ದೀಪಕ್ ತಂದ ಇಡ್ಲಿ ಪೊಟ್ಟಣ ಕಿಟಕಿಯಲ್ಲಿ ಹಾಗೇ ಒಣಗಿತು. ಡ್ರಿಪ್ಪಿನ ಹನಿ ನಿಂತಂತೆ ಕಂಡರೆ ಎದ್ದು ನಿಲ್ಲುತ್ತಿದ್ದಳು, ಮಗಳ ಉಸಿರು ಮೆಲ್ಲಗಾದರೆ ಮೂಗಿನ ಹತ್ತಿರ ಬೆರಳು ಹಿಡಿಯುತ್ತಿದ್ದಳು. ಮತ್ತೆ ಅದೇ ಕುರ್ಚಿಯಲ್ಲಿ ಕೂರುತ್ತಿದ್ದಳು.

ಒಂದು ಬೆಳಿಗ್ಗೆ ಅನ್ನಪೂರ್ಣೇಶ್ವರಿ ಬಾಗಿಲಲ್ಲೇ ನಿಂತು, ಪ್ಲೇಟ್‌ಲೆಟ್ ಏರಿದೆ, ಸ್ವಲ್ಪವೇ, ಆದರೂ ಏರಿದೆ ಎಂದಳು. ಪ್ರೇರಣಾ ಅಂದು ಗಂಜಿ ಕೇಳಿದಳು. ಕುಡಿಸುತ್ತ ಕುಡಿಸುತ್ತ ಯಶೋಧಾ, ಇಷ್ಟು ದಿನ ಒಳಗೇ ಇಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟಳು.

“ಮರಿಗೆಗೆ ನೀರು ಹಾಕು ಅಂತ ಅಜ್ಜ ಹೇಳಿದ್ನಾ ಮಗಾ?”

ಪ್ರೇರಣಾ ಇಲ್ಲವೆಂದು ತಲೆಯಾಡಿಸಿದಳು. “ಅಜ್ಜ ಎಂತದೂ ಹೇಳ್ಲಿಲ್ಲ.”

“ಮತ್ತೆ?”

“ನೀರು ಇಲ್ದಿದ್ರೆ ಮಂಗ, ಹಕ್ಕಿಗೆಲ್ಲ ಅಜ್ಜ ಸತ್ತೋಗಿದ್ದು ಗೊತ್ತಾಗ್ತಿತ್ತು. ಗೊತ್ತಾಗದು ಬ್ಯಾಡ ಅಂತ ಹಾಕ್ದೆ.”

ಯಶೋಧಾ ಚಮಚವನ್ನು ಬಟ್ಟಲಲ್ಲಿಟ್ಟಳು. ಅವಳು ಮುಖ ತಿರುಗಿಸಲು ನೋಡಿದಳು, ಆಗಲಿಲ್ಲ. ಅಪ್ಪಯ್ಯನ ದೇಹ ಎತ್ತುವಾಗ ಬಾರದ ಅಳು, ಆ ವಾರ್ಡಿನಲ್ಲಿ, ಗುರುತಿಲ್ಲದ ಅಷ್ಟು ಜನರ ನಡುವೆ ಒತ್ತರಿಸಿ ಬಂತು. ಪ್ರೇರಣಾ ಗಾಬರಿಯಿಂದ, ತನಗೆ ಹುಷಾರಾಗಿದೆ, ಇನ್ನು ಹೋಗುವುದಿಲ್ಲ ಎಂದು ಅಮ್ಮನನ್ನು ಸಮಾಧಾನ ಮಾಡಿದಳು. ಅಮ್ಮ ಅಳುತ್ತಲೇ ಇರುವುದನ್ನು ನೋಡಿ ಅವಳೂ ಅತ್ತಳು. ಅಜ್ಜನ ಹೆಸರು ಹಿಡಿದು, ಬಿಕ್ಕಿ ಬಿಕ್ಕಿ. ಪಕ್ಕದ ಮಂಚದವರು ಏನೋ ಕೆಟ್ಟದಾಯಿತೆಂದು ಎದ್ದು ಬಂದರು.

ಮನೆಗೆ ಕಳಿಸುವಾಗ ಡಾಕ್ಟರು ಇನ್ನೊಂದು ಮಾತು ಹೇಳಿದ್ದರು. ಈ ಜ್ವರ ಬಿಟ್ಟಂತೆ ಮಾಡಿ ಒಂದೆರಡು ವಾರದಲ್ಲಿ ತಿರುಗಿ ಬರುವುದುಂಟು. ಅದು ಯಶೋಧಾಳಿಗೂ ಗೊತ್ತಿತ್ತು. ಹಾಗಾಗಿ ಮನೆಗೆ ಬಂದಮೇಲೂ ಅವಳಿಗೆ ನೆಮ್ಮದಿಯಿರಲಿಲ್ಲ. ಬೆಳಿಗ್ಗೆ ಒಲೆ ಹಚ್ಚುವ ಮೊದಲು ಮಗಳ ಹಣೆ ಮುಟ್ಟುತ್ತಿದ್ದಳು, ತನ್ನ ಕೈಯೇ ಬಿಸಿಯೇನೋ ಎಂದು ನೀರಲ್ಲಿ ಅದ್ದಿ ಮತ್ತೆ ಮುಟ್ಟುತ್ತಿದ್ದಳು. ಪ್ರೇರಣಾ ತಲೆ ಕೆರೆದುಕೊಂಡರೂ ತಲೆನೋವೇ ಎಂದು ಕೇಳುತ್ತಿದ್ದಳು. ಮರಿಗೆಯ ಸುತ್ತ ಇಲಾಖೆಯವರು ಔಷಧಿ ಹೊಡೆದಿದ್ದರು. ಈ ವರ್ಷ ಅಲ್ಲಿಗೆ ಯಾರೂ ಹೋಗುವಂತಿಲ್ಲವೆಂದು ಮಗಳಿಗೆ ಸುಳ್ಳುಗಿಳ್ಳು ಸೇರಿಸದೆ ಹೇಳಿದಳು. ಪ್ರೇರಣಾ ಕೇಳಿಸಿಕೊಂಡಳು, ವಾದ ಮಾಡಲಿಲ್ಲ. ಆದರೆ ಆಮೇಲೆ ಮಂಕಾಗಿ ಕೂತಿರುತ್ತಿದ್ದಳು. ಅದು ಜ್ವರದ ಮಂಕೋ ಮನಸ್ಸಿನದೋ ತಿಳಿಯದೆ ಯಶೋಧಾ ಒದ್ದಾಡಿದಳು.

ಎರಡು ವಾರ ಕಳೆಯಿತು. ಜ್ವರ ಬರಲಿಲ್ಲ. ಇನ್ನೊಂದು ವಾರವೂ ಕಳೆದಮೇಲೆ ಯಶೋಧಾ ಮಗಳ ಹಣೆ ಮುಟ್ಟಿ ನೋಡುವುದನ್ನು ಬಿಟ್ಟಳು.

ಒಂದು ಭಾನುವಾರ ಜಗಲಿಯಲ್ಲಿ ಅಮ್ಮನಿಂದ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ ಪ್ರೇರಣಾ, ತಾನು ಹುಟ್ಟುವ ಮೊದಲು ಅಜ್ಜ ಹೇಗಿದ್ದನೆಂದು ಕೇಳಿದಳು. ಯಶೋಧಾ ಹೇಳತೊಡಗಿದಳು. ಹೈಸ್ಕೂಲಿಗೆ ಅವಳು ಹೊಸನಗರದ ಹಾಸ್ಟೆಲಿನಲ್ಲಿದ್ದಾಗ ಅಪ್ಪಯ್ಯ ಬಸ್ಸು ಹತ್ತಿ ಉಪ್ಪಿನಕಾಯಿ ತರುತ್ತಿದ್ದ. ಹೆಣ್ಣುಮಕ್ಕಳ ಹಾಸ್ಟೆಲಿನ ಗೇಟು ದಾಟಲು ನಾಚಿಕೆ. ಹೊರಗೆ ಮರದಡಿ ನಿಂತು ಕಾಜಾಣದ ಹಾಗೆ ಸಿಳ್ಳೆ ಹಾಕುತ್ತಿದ್ದ. ಗೆಳತಿಯರು, ಯಶೋಧಾ ನಿನ್ನ ಹಕ್ಕಿ ಬಂತು ಎಂದು ನಗುತ್ತಿದ್ದರು.

“ಹೆಂಗೆ ಹಾಕ್ತಿದ್ದ? ಹಾಕಿ ತೋರ್ಸು,” ಎಂದಳು ಪ್ರೇರಣಾ.

ಯಶೋಧಾ ತುಟಿ ಮುಂದೆ ಮಾಡಿ ಊದಿದಳು. ಬರೀ ಗಾಳಿ ಬಂತು. ಇನ್ನೊಮ್ಮೆ ಊದಿದಳು, ಅದೂ ಗಾಳಿಯೇ. ಒಳಗೆ ಅಕ್ಕಿ ಆರಿಸುತ್ತಿದ್ದ ರಂಗಮ್ಮ, ಹಾಗಲ್ಲ ಎನ್ನುತ್ತ ಮೊರ ಪಕ್ಕಕ್ಕಿಟ್ಟು ಹೊರಗೆ ಎದ್ದು ಬಂದಳು.