ಮೂಡಲ ಕೋಣೆಯವರ ಇಷ್ಟ

ಮುಳಬಾಗಿಲಿನ ಮುಸಾಫಿರ್ ಬಂಗಲೆಯನ್ನು ನೋಡಿಕೊಳ್ಳುತ್ತಿದ್ದ ಆಂಜಿನಪ್ಪನ ಮಗಳು ರಾಮಲಕ್ಷ್ಮಮ್ಮನಿಗೆ ಏನು ಇಷ್ಟ ಎಂದು ಯಾರೂ ಕೇಳಿದವರಿಲ್ಲ. ಕೇಳಿದರೂ ಅವಳು "ಯಾವುದಾದ್ರೂ ಆಗುತ್ತೆ" ಎಂದು ತಲೆ ತಗ್ಗಿಸುವವಳು. ಮೊದಲು ಕೇಳಿದವರು ಲೀಸಾ ಅಮ್ಮ.

ಲೀಸಾ ಅಮ್ಮ ಜರ್ಮನಿಯವರು. ಆವನಿಯ ಗುಡಿಯ ಕೆತ್ತನೆಗಳ ಚಿತ್ರ ಬರೆದುಕೊಳ್ಳಲು ಬಂದು ಮಾಗಿಯಿಡೀ ಮೂಡಲ ಕೋಣೆಯಲ್ಲಿ ಉಳಿದಿದ್ದರು. ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು, ಹರಕು ಮುರುಕು ಕನ್ನಡದಲ್ಲೇ ತಮ್ಮ ದೇಶದ ಮರ್ಯಾದೆ ಕಲಿಸುತ್ತಿದ್ದರು. ಇಳಿದುಕೊಳ್ಳಲು ಹೋದ ಕಡೆ "ಆ ಕೋಣೆ ಬೇಕು" ಎಂದು ಮುಖಕ್ಕೆ ಹೊಡೆದ ಹಾಗೆ ಅನ್ನಬಾರದು. "ಇಖ್ ಹೆಟ್ಟೆ ಲೀಬರ್" ಎನ್ನಬೇಕು. ಇದಕ್ಕಿಂತ ಅದು ಸಿಕ್ಕಿದ್ದರೆ ಚೆನ್ನಾಗಿತ್ತು ಎಂದು ಅರ್ಥ. ಕೊಡುವವರು "ಬಿಟ್ಟೆ, ಗೆರ್ನ್" ಎನ್ನಬೇಕು, ಆಗಲಿ, ಸಂತೋಷ.

"ಏನು ಬಿಟ್ಲಂತೆ ಆಯಮ್ಮ?" ಎಂದು ಆಂಜಿನಪ್ಪ ಅಡುಗೆಮನೆಯಿಂದ ನಗಾಡುತ್ತಿದ್ದ.

ಶಿವರಾತ್ರಿ ಕಳೆದ ಮೇಲೆ ಲೀಸಾ ಅಮ್ಮನಿಗೆ ಜ್ವರ ಬಂತು. ಅದೇ ಕೋಣೆಯಲ್ಲಿ ತೀರಿಕೊಂಡರು. ಪುರೋಹಿತರು ಪಂಚಾಂಗ ನೋಡಿ, "ಧನಿಷ್ಠಾ ನಕ್ಷತ್ರದಲ್ಲಿ ಹೋಗಿದ್ದಾರೆ ಕಣಯ್ಯ. ಆರು ತಿಂಗಳು ಮನೆ ಬಿಡಬೇಕು. ಇಲ್ಲದಿದ್ರೆ ಹೋದವರು ಹೋಗೋದಿಲ್ಲ" ಎಂದರು.

"ಸರ್ಕಾರದ ಬಂಗಲೆ ಸ್ವಾಮಿ. ಇದಕ್ಕೆ ಬೀಗ ಹಾಕಿದ್ರೆ ಸಾಹೇಬ್ರು ನನ್ನ ಹೊಟ್ಟೆಗೆ ಬೀಗ ಹಾಕ್ತಾರೆ."

ಆಂಜಿನಪ್ಪ ಮೂಡಲ ಕೋಣೆಯೊಂದನ್ನೇ ಮುಚ್ಚಿ ಬಾಗಿಲಿಗೆ ಜಾಲಿಮುಳ್ಳು ಕಟ್ಟಿದ. ಅದರ ಪಕ್ಕದ ಚಿಕ್ಕ ಕೋಣೆಯಲ್ಲಿ ಮಗಳು ಎಂದಿನಂತೆ ಮಲಗಿದಳು. ಗೋಡೆಯಾಚೆ ಕುರ್ಚಿ ಎಳೆದ ಸದ್ದು. ಪೆನ್ಸಿಲ್ ಕೆತ್ತಿದ ಸದ್ದು.

"ಇಲಿ ಕಣೇ" ಎಂದ ಅಪ್ಪ, ಅವಳ ಮುಖ ನೋಡದೆ.

ಮಾವಿನ ಕಾಲಕ್ಕೆ ಇನ್ನೊಬ್ಬ ಜರ್ಮನ್ ದೊರೆ ಬಂದ. ಯಂತ್ರ ಮಾರುವವನು, ಕೆಂಪು ಮುಖದ ಸಂಭಾವಿತ. ಗಾಳಿ ಚೆನ್ನಾಗಿ ಬರುವ ಮೂಡಲ ಕೋಣೆಯತ್ತ ಕೈ ತೋರಿಸಿದ. ರಾಮಲಕ್ಷ್ಮಮ್ಮ ಸೆರಗು ಹಿಡಿದುಕೊಂಡು "ಇಖ್ ಹೆಟ್ಟೆ ಲೀಬರ್..." ಎಂದು ಪಡುವಣದ ದೊಡ್ಡ ಕೋಣೆ ತೋರಿಸಿದಳು. ಅವನು ಬೆರಗಾಗಿ, ಟೋಪಿ ತೆಗೆದು, "ಬಿಟ್ಟೆ, ಗೆರ್ನ್!" ಎಂದು ಅಲ್ಲೇ ಪೆಟ್ಟಿಗೆ ಇಳಿಸಿದ.

ಸಂಜೆ ದೊರೆ ವೆರಾಂಡದ ಆರಾಮಕುರ್ಚಿಯಲ್ಲಿ ಕಾಲು ಚಾಚಿದ್ದ. ಅವಳು ಲಾಟೀನು ಹಚ್ಚುತ್ತಿದ್ದಳು. ಮುಳ್ಳಿನ ಬಾಗಿಲ ಹಿಂದಿನಿಂದ ಮಾತು ಬಂತು. ಮೆತ್ತಗೆ, ಬಹಳ ಮರ್ಯಾದೆಯಿಂದ.

"ಇಖ್ ಹೆಟ್ಟೆ ಲೀಬರ್ ದಾಸ್ ಕ್ಲೈನೆ ತ್ಸಿಮ್ಮರ್."

ನನಗೆ ಚಿಕ್ಕ ಕೋಣೆಯಾದರೆ ಚೆನ್ನಾಗಿತ್ತು.

ಚಿಕ್ಕ ಕೋಣೆ ಆ ಬಂಗಲೆಯಲ್ಲಿ ಒಂದೇ. ಅವಳ ಚಾಪೆ, ಅವಳ ಕನ್ನಡಿ, ಅವಳ ಎರಡು ಸೀರೆ ಇದ್ದದ್ದು ಅದರಲ್ಲೇ.

ದೊರೆ ತಲೆಯೆತ್ತಿದ. ತನ್ನ ದೇಶದ ಹೆಂಗಸು ಯಾರೋ ಒಳಗಿದ್ದಾರೆ ಎಂದು ಮುಖ ಅರಳಿತು. "ಬಿಟ್..." ಎಂದು ಬಾಯಿ ತೆರೆದ. ಯಾರಾದರೂ "ಆಗಲಿ" ಎಂದುಬಿಟ್ಟರೆ ಆಯಿತು, ಕೋಣೆ ಕೊಟ್ಟ ಹಾಗೇ.

"ನೈನ್! ಬೇಡ!" ಎಂದು ರಾಮಲಕ್ಷ್ಮಮ್ಮ ಕೂಗಿದಳು. ದೊರೆಯ ಕಡೆಗಲ್ಲ, ಬಾಗಿಲ ಕಡೆಗೆ. ಲಾಟೀನಿನ ಗಾಜು ಬೆರಳು ಸುಟ್ಟಿದ್ದು ತಿಳಿಯಲಿಲ್ಲ. "ಅಮ್ಮಾ, ಅದು ನನ್ನ ಕೋಣೆ. ನನಗೇ ಇರಲಿ. ಇಖ್ ಹೆಟ್ಟೆ ಲೀಬರ್."

ಹುಟ್ಟಿದಾಗಿನಿಂದ ಇದು ಬೇಕು ಎಂದು ಅವಳು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ಮುಳ್ಳಿನ ಬಾಗಿಲ ಹಿಂದಿನ ಅದೇ ದನಿ, ಒಂದಿಷ್ಟೂ ಬೇಸರವಿಲ್ಲದೆ, ಹಾಗಾದರೆ ದೊಡ್ಡ ಕೋಣೆ ಆಗಬಹುದೇ ಎಂದು ಕೇಳಿತು.

ಈಗಲೂ ತಡೆಯಬಹುದಿತ್ತು. ನೈನ್ ಎಂಬ ಮಾತು ಅವಳ ನಾಲಿಗೆಯ ಮೇಲೇ ಇತ್ತು. ಅವಳು ದೊರೆಯ ಮುಖ ನೋಡಿದಳು. ತುಟಿ ಬಿಗಿದುಕೊಂಡು ನಿಂತಳು.

"ಬಿಟ್ಟೆ, ಗೆರ್ನ್" ಎಂದ ದೊರೆ ನಗುತ್ತಾ.

ಮುಳ್ಳು ಅಲುಗಲಿಲ್ಲ, ಬಾಗಿಲೂ ತೆರೆಯಲಿಲ್ಲ. ದೊರೆ ಮಾತ್ರ ಎದ್ದು ನಿಂತ. ಯಾರೋ ತನ್ನ ಮುಂದೆ ಹಾದುಹೋಗುತ್ತಿರುವ ಹಾಗೆ ಗೋಡೆಗೆ ಸರಿದು ತಲೆ ಬಾಗಿಸಿದ. ಪಡುವಣ ಕೋಣೆಯ ಬಾಗಿಲನ್ನು ತಾನೇ ಹಿಡಿದುಕೊಂಡ. ತಾನೂ ಒಳಗೆ ಹೋದ. ಬಾಗಿಲು ಮುಚ್ಚಿತು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೈಗಂಟೆಯ ಸದ್ದಾಯಿತು. ಆಂಜಿನಪ್ಪ ಹೋಗಿ ಬಂದು ಹಣೆಯ ಬೆವರು ಒರೆಸಿಕೊಂಡ.

"ಊಟ ಇಬ್ರಿಗೆ ತರಬೇಕಂತೆ ಕಣಮ್ಮಾಯಿ. ಇಬ್ರು ಎಲ್ಲೇ? ಅವನೊಬ್ಬನೇ ಅಲ್ವೇನೇ ಬಂದಿದ್ದು?"

ರಾಮಲಕ್ಷ್ಮಮ್ಮ ಇನ್ನೊಂದು ತಟ್ಟೆ ತೆಗೆದು ಸೆರಗಿನಿಂದ ಒರೆಸಿದಳು.